ಮೂರು ಕ್ವಿಂಟಲ್ ಕೊಬ್ಬರಿಯ ಗೌನು

ಅಂಗಡಿಯಾಕೆ ಮೊದಲು ಕೇಳಿದ್ದು ಮಗಳ ಅಳತೆಯನ್ನಲ್ಲ, ಅವಳ ಶಾಲೆಯ ಹೆಸರನ್ನು. ಗೌನು ಕೊಳ್ಳುವುದಕ್ಕೂ ಶಾಲೆಗೂ ಏನು ಸಂಬಂಧ, ಕಮಿಷನ್ ಗಿಮಿಷನ್ ಏನಾದರೂ ಇದೆಯೋ ಎಂದು ನಾನು ಹೆಂಡತಿಯ ಮುಖ ನೋಡಿದೆ. ಅಂಗಡಿಯಾಕೆ ಕಂಪ್ಯೂಟರಿನಲ್ಲಿ ಒಂದು ಪಟ್ಟಿ ತೆಗೆದರು. ಅದೇ ಶಾಲೆಯ ಹದಿನಾಲ್ಕು ಹುಡುಗಿಯರು ಆಗಲೇ ಅಲ್ಲಿ ಗೌನು ಕೊಂಡಿದ್ದರು. ಅವರು ಕೊಂಡದ್ದನ್ನು ನಮಗೆ ಮಾರುವುದಿಲ್ಲ, ನಾವು ಕೊಂಡದ್ದನ್ನು ಆ ಶಾಲೆಯ ಹದಿನಾರನೆಯವಳಿಗೆ ಮಾರುವುದಿಲ್ಲ. ಒಂದೇ ರಾತ್ರಿ, ಒಂದೇ ಹಾಲಿನಲ್ಲಿ, ಇಬ್ಬರು ಹುಡುಗಿಯರು ಒಂದೇ ಬಟ್ಟೆಯಲ್ಲಿ ಎದುರಾಬದುರಾಗುವ ಅನಾಹುತ ತಮ್ಮ ಅಂಗಡಿಯಿಂದ ಆಗುವುದಿಲ್ಲ ಎಂಬ ಮಾತನ್ನು ಅವರು ವಿಮೆ ಏಜೆಂಟರ ಗಾಂಭೀರ್ಯದಲ್ಲಿ ಕೊಟ್ಟರು. ಮಗಳು ನೆಮ್ಮದಿಯಿಂದ ಉಸಿರು ಬಿಟ್ಟಳು. ನಾನು ನಕ್ಕುಬಿಟ್ಟೆ. ನಗಬಾರದಿತ್ತು.

ನಗು ಬಂದದ್ದು ತಿಪಟೂರಿನ ಬಟ್ಟೆ ಅಂಗಡಿ ನೆನಪಾಗಿ. ಯುಗಾದಿ ಹದಿನೈದು ದಿನ ಇದೆ ಅನ್ನುವಾಗ ಅಪ್ಪ ಅಲ್ಲಿಗೆ ಹೋಗಿ ಒಂದೇ ಥಾನಿನಲ್ಲಿ ಬಟ್ಟೆ ಹರಿಸಿಕೊಂಡು ಬರುತ್ತಿದ್ದರು. ನನಗೆ, ತಮ್ಮನಿಗೆ, ಚಿಕ್ಕಪ್ಪನ ಇಬ್ಬರು ಗಂಡುಮಕ್ಕಳಿಗೆ ಅದರಲ್ಲೇ ಅಂಗಿ. ಮಿಕ್ಕಿದ್ದರಲ್ಲಿ ದಿಂಬಿನ ಕವರು. ಹಬ್ಬದ ದಿನ ನಾಲ್ವರೂ ಬೀದಿಗಿಳಿದರೆ ಯಾರ ಮನೆಯ ಮದುವೆಗೋ ಬ್ಯಾಂಡ್‌ಸೆಟ್ಟಿನವರು ಬಂದ ಹಾಗಿರುತ್ತಿತ್ತು. ಮಧ್ಯಾಹ್ನ ಹೋಳಿಗೆ ಉಂಡು ನಡುಮನೆಯಲ್ಲಿ ಉರುಳಿಕೊಂಡರೆ ಯಾವುದು ದಿಂಬು, ಯಾವುದು ಹುಡುಗ ಎಂದು ಹತ್ತಿರ ಬಂದು ನೋಡಬೇಕಾಗಿತ್ತು. ಬೇರೆ ಬೇರೆ ಬಣ್ಣ ತರಬಾರದಾ ಎಂದು ಅಮ್ಮ ಕೇಳಿದರೆ, "ಜಾತ್ರೇಲಿ ಒಬ್ಬ ಕಳೆದುಹೋದರೆ ಇನ್ನೊಬ್ಬನ್ನ ತೋರಿಸಿ ಹುಡುಕಿಸಬಹುದು" ಎನ್ನುತ್ತಿದ್ದರು ಅಪ್ಪ. ಅಲ್ಲಿಂದ ಹೊರಟವನು ಈಗ ನ್ಯೂಜೆರ್ಸಿಯ ಹೆದ್ದಾರಿ ಪಕ್ಕದ ಅಂಗಡಿಯೊಂದರಲ್ಲಿ, ಊರಲ್ಲಿ ಇನ್ನೊಬ್ಬರ ಮೈಮೇಲೆ ಇರಬಾರದಂಥ ಬಟ್ಟೆಗೆ ಬೆಲೆ ಕೇಳುತ್ತ ನಿಂತಿದ್ದೆ.

ಬೆಲೆ 450 ಡಾಲರ್.

ಮಗಳು ಆಗ ಹನ್ನೆರಡನೆಯ ತರಗತಿ. ಇಲ್ಲಿನ ಹೈಸ್ಕೂಲುಗಳಲ್ಲಿ ವರ್ಷದ ಕೊನೆಗೆ, ಏಪ್ರಿಲ್‌ನಿಂದ ಜೂನ್‌ವರೆಗೆ, ಪ್ರಾಮ್ ಎಂಬ ನೃತ್ಯಕೂಟ ನಡೆಯುತ್ತದೆ. ಪ್ರಾಮನೇಡ್ ಎನ್ನುವ ಪದದ ಬಾಲ ಕತ್ತರಿಸಿ ಉಳಿದ ತಲೆ ಅದು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಈಶಾನ್ಯ ಅಮೆರಿಕದ ಕಾಲೇಜುಗಳಲ್ಲಿ, ದೊಡ್ಡ ಮನೆತನದ ಮಕ್ಕಳು ಸಭ್ಯವಾಗಿ ನಡೆದಾಡಿ ಕುಣಿಯುವುದನ್ನು ಕಲಿಯಲಿ ಎಂದು ಶುರುವಾದದ್ದು ಹೈಸ್ಕೂಲಿಗೆ ಇಳಿಯಿತು. ಇಳಿಯುತ್ತ ಇಳಿಯುತ್ತ ಖರ್ಚು ಮಾತ್ರ ಏರಿತು. ಟಿಕೆಟ್ಟು, ಕೂದಲಲಂಕಾರ, ಉಗುರು, ಚಪ್ಪಲಿ, ಮಣಿಕಟ್ಟಿಗೆ ಕಟ್ಟುವ ಹೂವಿನ ಗೊಂಚಲು, ಏಳೆಂಟು ಜನ ಸೇರಿ ಬಾಡಿಗೆಗೆ ಹಿಡಿಯುವ ಉದ್ದನೆಯ ಕಾರು. ಇವೆಲ್ಲ ಚಿಲ್ಲರೆ. ಗಂಟು ಇರುವುದು ಗೌನಿನಲ್ಲಿ.

ನನಗೆ ಗೊತ್ತಿದ್ದ ಇಂಥ ಸಂದರ್ಭ ಒಂದೇ, ನಮ್ಮ ಪಿಯುಸಿಯ ಸೆಂಡಾಫು. ತಲೆಗೆ ಹತ್ತು ರೂಪಾಯಿ ಎತ್ತಿ ಬೂಂದಿ ಲಾಡು, ಖಾರ, ಕಾಫಿ. ಒಂದು ಗ್ರೂಪ್ ಫೋಟೋ. ಅಂದು ಮಾತ್ರ ಹುಡುಗಿಯರು ಸೀರೆ ಉಟ್ಟು ಬಂದಿದ್ದರು. ವರ್ಷವಿಡೀ ನೋಡಿದ ಮುಖಗಳೇ, ಆದರೂ ನಾವು ಗಂಡುಹುಡುಗರೆಲ್ಲ ಗೋಡೆಗೆ ಒರಗಿಕೊಂಡು ಬಾಯಿ ಕಟ್ಟಿದವರ ಹಾಗೆ ನಿಂತಿದ್ದೆವು. ಆ ಸೀರೆಗಳೆಲ್ಲ ಅಮ್ಮಂದಿರವು, ಚಿಕ್ಕಮ್ಮಂದಿರವು, ಪಕ್ಕದ ಮನೆ ಮೇಡಮ್ಮರವು. ಬ್ಲೌಸು ದೊಡ್ಡದಾಗಿದ್ದರೆ ಒಳಗೆ ಪಿನ್ನು. ಸಂಜೆಯ ಹೊತ್ತಿಗೆ ಸೀರೆ ಮಡಿಕೆಯಾಗಿ ಅದರ ಬೀರುವಿಗೆ ವಾಪಸ್. ಬಟ್ಟೆಯ ಖರ್ಚು ಸೊನ್ನೆ.

ಹಾಗಾಗಿ ಮಾರ್ಚ್ ತಿಂಗಳ ಒಂದು ರಾತ್ರಿ ಊಟದ ಮೇಜಿನಲ್ಲಿ ಮಗಳು "ಅಪ್ಪ, ಪ್ರಾಮ್ ಡ್ರೆಸ್ಸಿಗೆ ಬಜೆಟ್ ಎಷ್ಟು?" ಎಂದಾಗ ನನ್ನ ಹತ್ತಿರ ಅಳತೆಗೋಲೇ ಇರಲಿಲ್ಲ. ಇಲ್ಲ ಎಂದು ಒಪ್ಪಿಕೊಳ್ಳಲಿಲ್ಲ, ಅಪ್ಪಂದಿರು ಒಪ್ಪಿಕೊಳ್ಳುವುದಿಲ್ಲ. "ನೂರೈವತ್ತು" ಎಂದೆ, ಬಹಳ ದಿನ ಯೋಚಿಸಿ ಇಟ್ಟುಕೊಂಡಿದ್ದವನ ಹಾಗೆ. ಆಮೇಲೆ ಯೋಚಿಸಿದಾಗ ಆ ಸಂಖ್ಯೆ ಎಲ್ಲಿಂದ ಬಂತೆಂದು ತಿಳಿಯಿತು. ನನ್ನ ಚಳಿಗಾಲದ ಕೋಟಿನ ಬೆಲೆ ಅದು. ನಾನು ನನ್ನ ಮೈಗೆಂದು ಒಂದೇ ಬಟ್ಟೆಗೆ ಕೊಟ್ಟ ಅತಿ ಹೆಚ್ಚಿನ ಹಣ. ಆ ಕೋಟು ಹನ್ನೊಂದು ಚಳಿಗಾಲ ತಡೆದಿದೆ. ವರ್ಷಕ್ಕೆ ಹದಿನಾಲ್ಕು ಡಾಲರೂ ಬೀಳಲಿಲ್ಲ. ಗೌನು ನಾಲ್ಕು ಗಂಟೆ ತಡೆಯಬೇಕು.

ಮಗಳು ಜಗಳವಾಡಲಿಲ್ಲ. ಅನ್ನ ಕಲಸುತ್ತ ಸುಮ್ಮನಾದಳು. ಹೆಂಡತಿ ಹುಳಿಯ ಪಾತ್ರೆ ನನ್ನ ಕಡೆ ತಳ್ಳುವ ನೆಪದಲ್ಲಿ ಬಗ್ಗಿ, "ರೀ, ನೂರೈವತ್ತಕ್ಕೆ ಇಲ್ಲಿ ಒಳ್ಳೇ ಹುಡುಗರ ಬೂಟೂ ಬರಲ್ಲ, ಮುನ್ನೂರು ಅನ್ನಿ" ಎಂದು ಪಿಸುಗುಟ್ಟಿದಳು. ಮುನ್ನೂರು ಎಂದೆ. ಹೀಗೆ ಒಂದು ಚಮಚ ಹುಳಿ ಬಡಿಸಿಕೊಳ್ಳುವಷ್ಟರಲ್ಲಿ ನನ್ನ ಆಯವ್ಯಯ ಇಮ್ಮಡಿಯಾಯಿತು.

ಅಂದು ರಾತ್ರಿ ನಿದ್ದೆ ಬಾರದೆ, ಬೇರೆಯವರು ಎಷ್ಟು ಖರ್ಚು ಮಾಡುತ್ತಾರೆಂದು ಹುಡುಕುತ್ತ ಕೂತೆ. ನಮ್ಮ ಅಳತೆಗೋಲು ಇಲ್ಲದಿದ್ದಾಗ ಪಕ್ಕದ ಮನೆಯವರದ್ದನ್ನು ಎರವಲು ತರುವುದು ಹಳೆಯ ಅಭ್ಯಾಸ. ವೀಸಾ ಕಾರ್ಡಿನ ಕಂಪನಿ 2015ರಲ್ಲಿ ಮಾಡಿಸಿದ ಸಮೀಕ್ಷೆಯೊಂದು ಸಿಕ್ಕಿತು. ಪ್ರಾಮ್‌ಗೆ ಅಮೆರಿಕದ ಒಂದು ಮನೆಯ ಸರಾಸರಿ ಖರ್ಚು 919 ಡಾಲರ್. ಅದರಲ್ಲಿ 324 ಡಾಲರ್ "ನನ್ನ ಜೊತೆ ಪ್ರಾಮ್‌ಗೆ ಬರುತ್ತೀಯಾ?" ಎಂದು ಕೇಳುವುದಕ್ಕೇ. ಬೋರ್ಡು ಬರೆದು, ಬಲೂನು ಕಟ್ಟಿ, ಶಾಲೆಯ ಅಂಗಳದಲ್ಲಿ ಎಲ್ಲರೆದುರು ಕೇಳುವ ಆ ಪದ್ಧತಿಗೆ ಪ್ರಾಮ್‌ಪೋಸಲ್ ಎಂದು ಹೆಸರು. ನಮ್ಮ ಕಡೆ ಹುಡುಗಿ ನೋಡುವ ಶಾಸ್ತ್ರವೇ ಉಪ್ಪಿಟ್ಟು ಕೇಸರಿಭಾತಿನಲ್ಲಿ ಮುಗಿಯುತ್ತಿತ್ತು. ಜನ ಕಾರ್ಡು ಉಜ್ಜಿದಷ್ಟೂ ದುಡ್ಡು ಮಾಡುವ ವ್ಯವಹಾರದವರು ಖರ್ಚಿನ ಸರಾಸರಿ ಹೇಳಿದರೆ ಎಷ್ಟು ನಂಬಬೇಕು ಎಂಬುದು ಬೇರೆ ಮಾತು.

ಹುಡುಕುತ್ತ ಹೋದ ಹಾಗೆ ಹಣದ ಮಾತು ಹಿಂದೆ ಬಿತ್ತು. 1975ರ ಮೇ 31ರಂದು ಶ್ವೇತಭವನದಲ್ಲೇ ಒಂದು ಪ್ರಾಮ್ ನಡೆದಿದೆ. ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಅವರ ಮಗಳು ಸೂಸನ್ ತನ್ನ ಹಾಲ್ಟನ್ ಆರ್ಮ್ಸ್ ಶಾಲೆಯ ತರಗತಿಯನ್ನೆಲ್ಲ ಅಲ್ಲಿಗೆ ಕರೆದಿದ್ದಳು. ಅಪ್ಪ ಅಮ್ಮ ಇಬ್ಬರೂ ಆಗ ಯೂರೋಪ್ ಪ್ರವಾಸದಲ್ಲಿದ್ದರು. ದೇಶದ ಅಧ್ಯಕ್ಷರ ಮಗಳಿಗೂ ಅಪ್ಪ ಊರಲ್ಲಿಲ್ಲದ ದಿನ ಒದಗಿಬಂತಲ್ಲ ಎಂದು ನನಗೆ ಒಂದು ಥರ ಸಮಾಧಾನವಾಯಿತು. ಇನ್ನೊಂದು ಕಥೆ ಓದಿ ಲ್ಯಾಪ್‌ಟಾಪ್ ಮುಚ್ಚಿದೆ. ಮಿಸಿಸಿಪ್ಪಿ ರಾಜ್ಯದ ಚಾರ್ಲ್ಸ್‌ಟನ್ ಎಂಬ ಸಣ್ಣ ಊರು. 1970ರಿಂದಲೇ ಬಿಳಿಯರ ಮಕ್ಕಳೂ ಕರಿಯರ ಮಕ್ಕಳೂ ಒಂದೇ ಶಾಲೆಯಲ್ಲಿ ಓದುತ್ತಿದ್ದರು, ಆದರೆ ಪ್ರಾಮ್ ಮಾತ್ರ ಬೇರೆ ಬೇರೆ. ನಟ ಮಾರ್ಗನ್ ಫ್ರೀಮನ್, ಆ ಸೀಮೆಯವರೇ, ಎಲ್ಲರೂ ಕೂಡಿ ಒಂದೇ ಪ್ರಾಮ್ ಮಾಡುವುದಾದರೆ ಅದರ ಖರ್ಚೆಲ್ಲ ನನ್ನದು ಎಂದರು. ಇದು 1997ರಲ್ಲಿ. ಆ ಹಣವನ್ನು ಊರು ಮುಟ್ಟಿದ್ದು 2008ರಲ್ಲಿ. ಪುಕ್ಕಟೆ ಬಂದ ಪ್ರಾಮ್ ಹನ್ನೊಂದು ವರ್ಷ ಬಾಗಿಲಲ್ಲಿ ನಿಂತಿತ್ತು! ಈ ಒಂದು ರಾತ್ರಿಯ ಬಟ್ಟೆಯಲ್ಲಿ ಬಟ್ಟೆಗಿಂತ ಹೆಚ್ಚಿನದೇನೋ ಇದೆ ಎಂದು ನನಗೆ ಗುಮಾನಿ ಬಂದದ್ದು ಆಗಲೇ.

ಗುಮಾನಿ ನನಗೊಬ್ಬನಿಗೇ ಅಲ್ಲ, ಸರ್ಕಾರಗಳಿಗೂ ಇದೆ. ನಮ್ಮ ನ್ಯೂಜೆರ್ಸಿಯಲ್ಲಿ ಬಟ್ಟೆಗೆ ಮಾರಾಟ ತೆರಿಗೆ ಇಲ್ಲ. ಚಡ್ಡಿ ಬನಿಯನ್ನಾಗಲಿ, ಪ್ರಾಮ್ ಗೌನಾಗಲಿ, ಇಲ್ಲಿನ ಕಾನೂನಿಗೆ ಎಲ್ಲವೂ ಮಾನ ಮುಚ್ಚುವ ಬಟ್ಟೆಯೇ. ಡೆಲವೇರ್ ನದಿ ದಾಟಿ ಪೆನ್ಸಿಲ್ವೇನಿಯಾಕ್ಕೆ ಹೋದರೆ ಅಲ್ಲಿಯೂ ದಿನನಿತ್ಯದ ಬಟ್ಟೆಗೆ ತೆರಿಗೆಯಿಲ್ಲ, ಆದರೆ ಸಂಜೆಯ ಸಮಾರಂಭಕ್ಕೆ ಹಾಕುವ ಉಡುಪಿಗೆ ಶೇಕಡಾ 6 ಇದೆ. ಅಂದರೆ ಆ ಸರ್ಕಾರದ ಪ್ರಕಾರ ಗೌನು ಬಟ್ಟೆಯಲ್ಲ, ಒಡವೆಯ ಜಾತಿಗೆ ಸೇರಿದ್ದು. ನದಿಯ ಈ ದಡದಲ್ಲಿ ಅಂಗಡಿ ಸಿಕ್ಕಿದ್ದಕ್ಕೆ 27 ಡಾಲರ್ ಉಳಿಯಿತು ಎಂದು ನಾನು ಮನೆಯಲ್ಲಿ ಎರಡು ಸಲ ಹೇಳಿದೆ. ಯಾರೂ ಮೆಚ್ಚಲಿಲ್ಲ.

ಗಂಡುಹುಡುಗರ ಪಾಡು ಏನು ಎಂದು ಕೇಳಿದರೆ, ಅವರು ಬಾಡಿಗೆಗೆ ತರುತ್ತಾರೆ. ಕರಿ ಟಕ್ಸೀಡೋ, ಬಿಳಿ ಅಂಗಿ, ಕೊರಳಿಗೊಂದು ಬೋ ಟೈ. ಶನಿವಾರ ಹಾಕಿ ಸೋಮವಾರ ವಾಪಸ್. ಆ ಬಟ್ಟೆಗೆ ಹೆಸರು ಕೊಟ್ಟ ಟಕ್ಸೀಡೋ ಪಾರ್ಕ್ ನ್ಯೂಜೆರ್ಸಿಯ ಗಡಿ ದಾಟಿದರೆ ಸಿಗುತ್ತದೆ. 1886ರಲ್ಲಿ ಅಲ್ಲಿನ ಕ್ಲಬ್ಬಿನ ಶ್ರೀಮಂತರ ಹುಡುಗರು ಬಾಲವಿಲ್ಲದ ಕೋಟು ಹಾಕಿ ಹಿರಿಯರ ಕೆಂಗಣ್ಣಿಗೆ ಗುರಿಯಾದರಂತೆ. ಈಗ ಹಾಲಿನಲ್ಲಿ ಇನ್ನೂರು ಹುಡುಗರು ಅದೇ ಕರಿಕೋಟಿನಲ್ಲಿ, ನಮ್ಮ ಯುಗಾದಿ ಅಂಗಿಯವರ ಹಾಗೆ, ಒಂದೇ ಥಾನಿನವರಾಗಿ ನಿಂತರೂ ಯಾವ ಅನಾಹುತವೂ ಆಗುವುದಿಲ್ಲ. ಅವರಿಗಾಗಿ ಯಾವ ಅಂಗಡಿಯೂ ಶಾಲೆಯ ಹೆಸರು ಬರೆದಿಟ್ಟುಕೊಳ್ಳುವುದಿಲ್ಲ. "ಹುಡುಗೀರೂ ಬಾಡಿಗೆಗೆ ತರಬಹುದಲ್ಲ, ಅದಕ್ಕೂ ಕಂಪನಿಗಳಿವೆಯಂತೆ" ಎಂದೆ. "ತರಬಹುದು, ನಾನು ನೋಡ್ದೆ. ಆದ್ರೆ ನನ್ನ ಸೈಜಲ್ಲಿ ಸಿಕ್ಕಿದ್ದೆಲ್ಲ ಆಂಟಿ ಡ್ರೆಸ್" ಎಂದಳು ಮಗಳು. ಅವಳು ನನಗಿಂತ ಮೊದಲೇ ಎಲ್ಲ ಹುಡುಕಿ ಮುಗಿಸಿದ್ದಳು ಎಂಬುದು ಗೊತ್ತಾಗಿ ಸುಮ್ಮನಾದೆ.

ಅಂಗಡಿಯಲ್ಲಿ ಗೌನು ನೋಡಿ ಬಂದ ಭಾನುವಾರ ಬೆಳಗ್ಗೆ, ತಿಪಟೂರಿನಲ್ಲಿ ಸಂಜೆ, ಅಮ್ಮನಿಗೆ ವಿಡಿಯೋ ಕಾಲ್. ಮಗಳು ಅಂಗಡಿಯಲ್ಲಿ ತೆಗೆದ ಫೋಟೋ ತೋರಿಸಿದಳು. ಅದಕ್ಕೆ ಟೀಲ್ ಬಣ್ಣ ಎಂದಳು. ಅಮ್ಮ ಕನ್ನಡಕ ಏರಿಸಿ, "ರಾಮಾ ಗ್ರೀನು ಅನ್ನು. ಚೆನ್ನಾಗಿದೆ. ಎಷ್ಟೋ?" ಎಂದಳು. ಕೊನೆಯ ಪ್ರಶ್ನೆ ನನಗೆ. ನಾನು ಡಾಲರಿನಲ್ಲಿ ಹೇಳಿ ತಪ್ಪಿಸಿಕೊಳ್ಳಲು ನೋಡಿದೆ. ಹಿಂದಿನಿಂದ ತಮ್ಮ ಎಂಬತ್ತಮೂರರಿಂದ ಗುಣಿಸಿ "ಮೂವತ್ತೇಳು ಸಾವಿರ ಚಿಲ್ರೆ" ಎಂದು ಕೂಗಿದ. ಅಮ್ಮನಿಗೆ ರೂಪಾಯಿಯೂ ಪೂರ್ತಿ ಅರ್ಥವಾಗುವ ಲೆಕ್ಕವಲ್ಲ. ಒಂದು ಕ್ಷಣ ತುಟಿ ಅಲ್ಲಾಡಿಸಿದಳು. "ಮೂರು ಕ್ವಿಂಟಲ್ ಕೊಬ್ರಿ!"

ಲೆಕ್ಕ ಸರಿಯಾಗಿಯೇ ಇತ್ತು. ಆ ವರ್ಷ, 2024ರಲ್ಲಿ, ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರದ ಬೆಂಬಲ ಬೆಲೆ ಕ್ವಿಂಟಲಿಗೆ 12,000 ರೂಪಾಯಿ. ಉಂಡೆ ಕೊಬ್ಬರಿ ಆಗುವುದೆಂದರೆ ಸುಮ್ಮನಲ್ಲ. ಕಾಯಿಯನ್ನು ಸಿಪ್ಪೆ ಸಮೇತ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಮಲಗಿಸಬೇಕು. ಒಳಗಿನ ನೀರು ತಾನಾಗಿ ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಗಡಗಡ ಎನ್ನಬೇಕು. ಆಮೇಲೆ ಸುಲಿದು, ಉಂಡೆ ಒಡೆಯದ ಹಾಗೆ ಚಿಪ್ಪು ಮಾತ್ರ ಒಡೆಯಬೇಕು. ಅಮ್ಮನ ಮನಸ್ಸಿನಲ್ಲಿ ಆ ಗೌನಿನ ಹಿಂದೆ ಅಟ್ಟದ ಒಂದು ಮೂಲೆ ಖಾಲಿಯಾಯಿತು, ಒಂದು ವರ್ಷ ಹೋಯಿತು. ನನಗೆ ಅದು ಮೂರು ಕೋಟು. ಮಗಳ ಲೆಕ್ಕ ಇನ್ನೊಂದಿದೆ, ಅದಕ್ಕೆ ಬರುತ್ತೇನೆ. ಒಂದೇ ಗೌನನ್ನು ನಾವೆಲ್ಲ ಬೇರೆ ಬೇರೆ ತಕ್ಕಡಿಯಲ್ಲಿ ತೂಗುತ್ತಿದ್ದೆವು.

ಆಘಾತ ಇಳಿದ ಮೇಲೆ ಅಮ್ಮ ಕೇಳಿದ ಪ್ರಶ್ನೆ ಒಂದೇ: "ಅಷ್ಟು ಕೊಟ್ಟ ಮೇಲೆ ಬ್ಲೌಸ್ ಪೀಸು ಬರುತ್ತಾ?"

ನಮ್ಮ ಮನೆಗಳಲ್ಲಿ ಬಟ್ಟೆಗೆ ಹಣ ಸುರಿಯುವುದಿಲ್ಲ ಎಂದೇನಿಲ್ಲ. ಅಪ್ಪ ಮಾಧ್ಯಮಿಕ ಶಾಲೆಯ ಮೇಷ್ಟರು. ಕಾಸಿಗೆ ಕಾಸು ಬರೆದಿಡುವವರು. ಅವರು ಹೋದ ಮೇಲೆ ಅಕ್ಕನ ಮದುವೆಯ ಲೆಕ್ಕದ ಪುಸ್ತಕವನ್ನು ನಾನು ಇಲ್ಲಿಗೆ ತಂದಿಟ್ಟುಕೊಂಡಿದ್ದೇನೆ. 1989ರದ್ದು. ಅದನ್ನು ತೆಗೆದು ನೋಡಿದೆ. ಧಾರೆ ಸೀರೆ 1,850. ಬೀಗಿತ್ತಿಗೆ 650. ಹುಡುಗನ ಸೋದರತ್ತೆಗೆ 400. ಹುಡುಗನ ಅಕ್ಕನಿಗೆ 425, ಆ ಇಪ್ಪತ್ತೈದು ರೂಪಾಯಿಯ ವ್ಯತ್ಯಾಸದ ಹಿಂದೆ ಏನು ರಾಜಕೀಯವಿತ್ತೋ! ಅಡುಗೆ ಭಟ್ಟರಿಗೆ ಪಂಚೆ 60. ನಮ್ಮ ಹೆಂಗಸರಿಗೆಲ್ಲ ಕೊಡುವ ಸೀರೆ ಬೇರೆ, ಉಡುವ ಸೀರೆ ಬೇರೆ ಎಂಬುದು ಗೊತ್ತು. ಕೊಡುವ ಸೀರೆಯ ಬೆಲೆ ಅದನ್ನು ಪಡೆಯುವವರ ಸ್ಥಾನಕ್ಕೆ ತಕ್ಕ ಹಾಗೆ. ಕಡಿಮೆಯಾದರೆ ಮಾತು ಬರುತ್ತದೆ, ಹೆಚ್ಚಾದರೆ ಮುಂದಿನ ಮದುವೆಯಲ್ಲಿ ಅದೇ ರೂಢಿಯಾಗುತ್ತದೆ. ಎಷ್ಟು ಎಂಬ ಪ್ರಶ್ನೆಗೆ ಉತ್ತರ ಯಾರಿಗೆ ಎಂಬುದರಲ್ಲೇ ಇತ್ತು. ಧಾರೆ ಸೀರೆಯೂ ಅಕ್ಕನದ್ದಲ್ಲ, ನಾಲ್ಕು ಜನರೆದುರು ಮನೆತನದ ಮರ್ಯಾದೆಯದ್ದು. ಬಣ್ಣ ಆರಿಸಿದ್ದು ಸೋದರಮಾವ.

ಪ್ರಾಮ್ ಗೌನು ಈ ಪುಸ್ತಕದ ಯಾವ ಸಾಲಿನಲ್ಲೂ ಕೂರುವುದಿಲ್ಲ. ಅದನ್ನು ನೋಡಿ ಬೀಗರು ಮೆಚ್ಚಬೇಕಿಲ್ಲ. ಯಾವ ದೇವರ ಮುಂದೆಯೂ ಇಟ್ಟು ಅರಿಸಿನ ಕುಂಕುಮ ಹಚ್ಚುವುದಿಲ್ಲ. ನೆಂಟರು ಒಬ್ಬರೂ ಇರುವುದಿಲ್ಲ, ನಾವೂ ಬಾಗಿಲವರೆಗೆ ಮಾತ್ರ. ಅದು ಬರೀ ಅವಳಿಗೆ. ಹದಿನೇಳು ವರ್ಷದ ಹುಡುಗಿ ಯಾರ ಮಗಳಾಗಿಯೂ ಅಲ್ಲದೆ, ಯಾರ ಸೊಸೆಯಾಗಿಯೂ ಅಲ್ಲದೆ, ಬರೀ ತಾನಾಗಿ ಉಡುವ ಬಟ್ಟೆಗೆ ಎಷ್ಟು ಸಲ್ಲಬೇಕು? ಅಪ್ಪನ ಪುಸ್ತಕದಲ್ಲಿ ಉತ್ತರ ಹುಡುಕಿದೆ. ಕೊನೆಯ ಪುಟದ ಹತ್ತಿರ, ಬಸ್ ಚಾರ್ಜಿನ ಕೆಳಗೆ, ಒಂದು ಸಾಲು ಸಿಕ್ಕಿತು: "ಮನೆಯವಳಿಗೆ ಸೀರೆ — ಇರುವುದೇ ಸಾಕು ಅಂದಳು." ಮೊತ್ತದ ಕಾಲಮಿನಲ್ಲಿ ಒಂದು ಅಡ್ಡಗೆರೆ.

ಇದನ್ನು ಅಮ್ಮನಿಗೆ ಓದಿ ಹೇಳಿದೆ. "ಹೂಂ ಕಣೋ, ಅಂದಿದ್ದೆ" ಎಂದಳು. "ಇನ್ನೇನನ್ನಲಿ? ಯಾವ ಬಣ್ಣ ಬೇಕು ಅಂತ ಯಾರಾದ್ರೂ ಕೇಳಿದ್ರೆ ತಾನೇ?" ಆಮೇಲೆ ಮಾತು ತಿರುಗಿಸಿ ತೆಂಗಿಗೆ ಬಂದಿರುವ ನುಸಿಯ ವಿಷಯ ಹೇಳತೊಡಗಿದಳು.

ಅಷ್ಟಾದರೂ ನಾನು ಸುಲಭಕ್ಕೆ ಸೋಲುವ ಆಸಾಮಿಯಲ್ಲ. ಇನ್ನೊಂದು ಉಪಾಯ ಹೂಡಿದೆ. ಎಡಿಸನ್ನಿನ ಓಕ್ ಟ್ರೀ ರಸ್ತೆಯಲ್ಲಿ ಸಾಲು ಸಾಲು ಸೀರೆ, ಲೆಹೆಂಗಾ ಅಂಗಡಿಗಳು. ಅಲ್ಲಿ ಚೌಕಾಸಿ ನಡೆಯುತ್ತದೆ, ಕೊಂಡದ್ದು ಮುಂದೆ ಕನ್ನಡ ಸಂಘದ ಕಾರ್ಯಕ್ರಮಕ್ಕೆ, ಯಾರದಾದರೂ ಮದುವೆಗೆ ಆಗುತ್ತದೆ. ಅದಕ್ಕಿಂತ ಅಗ್ಗವೆಂದರೆ ಮನೆಯಲ್ಲೇ ಹೆಂಡತಿಯ ಧಾರೆ ಸೀರೆ ಇದೆ, ಮೈಸೂರು ಸಿಲ್ಕು. ಅದನ್ನೇ ಉಟ್ಟು ಹೋಗಲಿ, ನಮ್ಮ ಸಂಸ್ಕೃತಿಯೂ ಆಯಿತು, ಸೆಂಡಾಫಿನ ಪದ್ಧತಿಯೂ ಉಳಿಯಿತು. ಇಷ್ಟನ್ನು ನಾನು ಸ್ವಲ್ಪ ಭಾಷಣದ ಧಾಟಿಯಲ್ಲೇ ಹೇಳಿದೆ ಎಂದು ಕಾಣುತ್ತದೆ.

"ಬೇರೆ ಇಂಡಿಯನ್ ಹುಡುಗೀರು ಉಡ್ತಾರೆ ಅಪ್ಪ, ಚೆನ್ನಾಗೂ ಕಾಣ್ತಾರೆ" ಎಂದಳು ಮಗಳು. "ನಾನು ಉಟ್ಟುಕೊಂಡು ಹೋದ್ರೆ ಎಲ್ಲರೂ ಸೋ ಬ್ಯೂಟಿಫುಲ್ ಅಂತಾರೆ. ಸೀರೆಗೆ. ರಾತ್ರಿಯೆಲ್ಲ ನಾನು ಅದನ್ನ ಎಕ್ಸ್‌ಪ್ಲೇನ್ ಮಾಡ್ತಾ ನಿಂತಿರಬೇಕು, ಎಷ್ಟು ಉದ್ದ, ಹೇಗೆ ಉಡೋದು, ಪಿನ್ ಎಲ್ಲಿ ಅಂತ. ಒಂದಿನ ನಾನು ಯಾರಿಗೂ ಏನೂ ಎಕ್ಸ್‌ಪ್ಲೇನ್ ಮಾಡದೆ ಡಾನ್ಸ್ ಮಾಡ್ಬೇಕು."

ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಇಪ್ಪತ್ತು ವರ್ಷದಿಂದ ಆಫೀಸಿನಲ್ಲಿ ನನ್ನ ಹೆಸರು, ನನ್ನ ಊಟದ ಡಬ್ಬಿ, ಆಯುಧಪೂಜೆಯ ದಿನ ಕಾರಿಗೆ ಇಟ್ಟ ಕುಂಕುಮ ಎಲ್ಲವನ್ನೂ ವಿವರಿಸುತ್ತ ಬಂದವನಿಗೆ ಆ ಆಯಾಸ ಎಂಥದೆಂದು ಗೊತ್ತು. ಹೆಂಡತಿ ಬೇರೆ ಕಾರಣಕ್ಕೆ ಗರಂ ಆದಳು. "ನನ್ನ ಧಾರೆ ಸೀರೆ ಎಷ್ಟು ಸಲ ಉಟ್ಟಿದೀನಿ ಹೇಳಿ ನೋಡೋಣ?" ಎಂದಳು. ಧಾರೆಯ ದಿನ ಒಂದು, ತಮ್ಮನ ಮದುವೆಯಲ್ಲಿ ಒಂದು, ನಮ್ಮ ಗೃಹಪ್ರವೇಶಕ್ಕೆ ಒಂದು. ಮೂರು. "ಅದಕ್ಕೆ ಯಾರೂ ಗಂಟೆಗಿಷ್ಟು ಅಂತ ಲೆಕ್ಕ ಹಾಕ್ಲಿಲ್ಲ. ಇವಳದ್ದಕ್ಕೆ ಮಾತ್ರ ಹಾಕ್ತೀರಿ."

ಕೊನೆಗೆ ಪರಿಹಾರ ಸಿಕ್ಕಿದ್ದು ಮಗಳಿಂದಲೇ. ಅವಳು ಶನಿವಾರ ಭಾನುವಾರ ಐಸ್‌ಕ್ರೀಂ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಿದ್ದಳು. ಆ ವರ್ಷದ ಕನಿಷ್ಠ ಕೂಲಿ ಗಂಟೆಗೆ 15 ಡಾಲರ್ 13 ಸೆಂಟು. ನೀವು ಮುನ್ನೂರು ಅಂದಿದ್ದೀರಿ, ಅಷ್ಟು ಕೊಡಿ, ಮಿಕ್ಕಿದ ನೂರೈವತ್ತು ನನ್ನದು ಎಂದಳು. "ಹತ್ತು ಗಂಟೆ. ಕಟಾವಣೆ ಎಲ್ಲ ಹೋದ್ರೆ ಹನ್ನೊಂದು." ಇದು ನಾನು ಹೇಳಿದ ಆ ಇನ್ನೊಂದು ತಕ್ಕಡಿ. ಹನ್ನೊಂದು ಗಂಟೆ ಗಟ್ಟಿ ಐಸ್‌ಕ್ರೀಂ ಕೆರೆದು ಬಲ ಮಣಿಕಟ್ಟು ನೋಯಿಸಿಕೊಂಡು, ನಾಲ್ಕು ಗಂಟೆ ಆ ಕೈಗೆ ಹೂವು ಕಟ್ಟಿಕೊಳ್ಳುವುದು ಅವಳಿಗೆ ನ್ಯಾಯವಾದ ವ್ಯಾಪಾರ ಎನಿಸಿತ್ತು. ನಮ್ಮ ಮನೆಯಲ್ಲಿ ಹೆಣ್ಣುಮಗಳೊಬ್ಬಳು ತನ್ನ ದುಡಿಮೆಯ ದುಡ್ಡಿನಿಂದ ತನ್ನ ಬಟ್ಟೆಯ ಸೆರಗನ್ನಾದರೂ ಕೊಂಡದ್ದು ಇದೇ ಮೊದಲು. ಗೌನಿಗೆ ಸೆರಗಿಲ್ಲ, ಅದಿರಲಿ.

ಆಮೇಲೆ ಅದನ್ನೇನು ಮಾಡುತ್ತೀ ಎಂದೆ. ಕೊಟ್ಟುಬಿಡುವುದಂತೆ. ಫ್ಲಾರಿಡಾದಲ್ಲಿ ಹೈಸ್ಕೂಲಿನ ಹುಡುಗಿಯೊಬ್ಬಳು, ಕೊಳ್ಳಲಾಗದವರಿಗೆಂದು ಇನ್ನೂರೈವತ್ತಕ್ಕೂ ಹೆಚ್ಚು ಗೌನು ಕೂಡಿಸಿದ್ದಳಂತೆ. 2003ರಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡಳು. ಅವಳ ಹೆಸರಿನಲ್ಲೇ, ಬೆಕ್ಕಾಸ್ ಕ್ಲಾಸೆಟ್ ಎಂದು, ಆ ಕೆಲಸ ಈಗಲೂ ನಡೆಯುತ್ತದೆ. ಬೇರೆ ಊರುಗಳಲ್ಲೂ ಅಂಥವಿವೆ. "ಪಕ್ಕದ ಮನೆ ಮೇಡಮ್ಮಿನ ಸೀರೆ" ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ. ಹಾಗಾದರೆ ನಾವೂ ಅಂಥದ್ದೇ ಒಂದನ್ನು ತರಬಹುದಿತ್ತಲ್ಲ ಎಂದು ಬಾಯಿ ತೆರೆದೆ, ಹೆಂಡತಿ ಕಣ್ಣು ಬಿಟ್ಟಳು, ಮುಚ್ಚಿದೆ.

ಗೌನು ಬಂತು. ಅದರ ಜೊತೆ ನಾನು ಎಣಿಸದ ಇನ್ನೊಂದು ಖರ್ಚು ಬಂತು. ಈ ಗೌನುಗಳನ್ನು ಆರಡಿಯ ಹುಡುಗಿಯರಿಗೆಂದೇ ಹೊಲಿದಿರುತ್ತಾರೋ ಏನೋ, ಐದಡಿ ಎರಡಿಂಚಿನ ನಮ್ಮ ಹುಡುಗಿಯ ಕಾಲ ಕೆಳಗೆ ಅದು ಕೊಚ್ಚೆಯ ಹಾಗೆ ಹರಡಿಕೊಂಡಿತ್ತು. ಪಕ್ಕದ ಊರಿನಲ್ಲಿ ಡ್ರೈಕ್ಲೀನಿಂಗ್ ಅಂಗಡಿಯ ಹಿಂಭಾಗದಲ್ಲಿ ಕೊರಿಯಾದ ವಯಸ್ಸಾದ ಹೆಂಗಸೊಬ್ಬರು ಬಟ್ಟೆ ಸರಿಮಾಡಿಕೊಡುತ್ತಾರೆ. 85 ಡಾಲರ್. ಮಗಳು ಅಂದು ಹಾಕುವ ಎತ್ತರದ ಚಪ್ಪಲಿಯನ್ನೇ ಹಾಕಿಕೊಂಡು ಒಂದು ಮಣೆಯ ಮೇಲೆ ನಿಂತಳು. ಆಕೆ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು, ಮಂಡಿಯೂರಿ, ಅವಳ ಸುತ್ತ ಒಂದು ಪ್ರದಕ್ಷಿಣೆ ಬಂದರು. ಟೇಪು ಮುಟ್ಟಲಿಲ್ಲ. ಆಮೇಲೆ ತಲೆಯೆತ್ತಿ ಬೆರಳನ್ನು ಕತ್ತರಿಯ ಹಾಗೆ ಆಡಿಸಿ, ಕತ್ತರಿಸಲಾ ಎಂದು ಕೇಳಿದರು.

"ಬೇಡ, ಒಳಗೆ ಮಡಿಚಿ ಹೊಲೀರಿ" ಎಂದುಬಿಟ್ಟೆ, ಇಂಗ್ಲಿಷಿನಲ್ಲಿ, ಆದರೆ ತಿಪಟೂರಿನ ಟೈಲರಿಗೆ ಅಮ್ಮ ಹೇಳುತ್ತಿದ್ದ ದನಿಯಲ್ಲಿ. ಅಕ್ಕನ ಲಂಗ, ನಮ್ಮ ಚಡ್ಡಿ ಯಾವುದಕ್ಕೂ ಎರಡಿಂಚು ಒಳಮಡಿಕೆ ಇಡಿಸದೆ ಅವಳು ಬಿಡುತ್ತಿರಲಿಲ್ಲ. ಪ್ರತಿ ವರ್ಷ ಒಂದು ಮಡಿಕೆ ಬಿಚ್ಚುವುದು. ಬಿಚ್ಚಿದ ಕಡೆ ಮಾಸದ ಹೊಸ ಬಣ್ಣದ ಪಟ್ಟಿಯೊಂದು ಕಾಣುತ್ತಿತ್ತು. ಅದನ್ನು ನೋಡಿ ಈ ವರ್ಷ ಎಷ್ಟು ಬೆಳೆದೆವೆಂದು ಹೇಳಬಹುದಿತ್ತು. ಆಕೆಗೆ ನನ್ನ ಮಾತು ವಿಚಿತ್ರವಾಗಿ ಕಂಡಿರಬೇಕು. ಐದಿಂಚು ಒಳಗೆ ಮಡಿಚಿದರೆ ಭಾರಕ್ಕೆ ಜೋಲುತ್ತದೆ, ಹೊರಗೆ ಕಾಣುತ್ತದೆ ಎಂದು ಕೈಯಲ್ಲೇ ಮಡಿಚಿ ತೋರಿಸಿದರು. ಮಡಿಚುವುದು ಯಾಕೆ ಎಂಬಂತೆ ಮಗಳನ್ನು ನೋಡಿದರು.

ಮಗಳು ಕನ್ನಡಿಯಲ್ಲಿ ನನ್ನನ್ನು ನೋಡಿ ನಕ್ಕಳು. "ಕಟ್ ಮಾಡ್ಲಿ ಅಪ್ಪ. ನಾನಿನ್ನು ಬೆಳೆಯಲ್ಲ."

ಆಕೆ ಕತ್ತರಿಸಿದರು. ಒಂದು ವಾರ ಬಿಟ್ಟು ಗೌನು ತರಲು ಹೋದಾಗ, ಕತ್ತರಿಸಿದ್ದನ್ನು ಕೊಡಿ ಎಂದು ಕೇಳಿದೆ. ಅವರು ಕಸದ ಡಬ್ಬಿಯ ಪಕ್ಕದ ಚೀಲದಿಂದ ರಾಮಾ ಗ್ರೀನಿನ ಉದ್ದನೆಯ ಪಟ್ಟಿಯನ್ನು ಎಳೆದು, ಎಳೆದು, ಎಳೆದು, ಸುತ್ತಿ ಕೊಟ್ಟರು. ಗೌನಿನ ಘೇರು ಅಷ್ಟಿತ್ತು. ಅಂದು ರಾತ್ರಿ ಅಮ್ಮನಿಗೆ ಫೋನು ಮಾಡಿ, ಬ್ಲೌಸ್ ಪೀಸು ಬಂತು ಎಂದೆ.

"ಎಷ್ಟು ಅಗಲ?"

"ಐದಿಂಚು. ಉದ್ದ ಮಾತ್ರ ಬೇಕಾದಷ್ಟಿದೆ."

ಅಮ್ಮ ಒಂದು ಗಳಿಗೆ ಲೆಕ್ಕ ಹಾಕಿದಳು. "ಕತ್ತರಿಸಿ ಕತ್ತರಿಸಿ ಕೂಡಿಸಿ ಹೊಲಿದ್ರೆ ಒಂದು ದಿಂಬಿನ ಕವರಾದ್ರೂ ಆಗುತ್ತೆ" ಎಂದಳು. "ಎತ್ತಿಡು."